ಬಾಡಿಗೆ ಮನೆಯಲ್ಲಿ ಮಾತಿಗೆ ಬಾರದ ಶುಲ್ಕಗಳು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಮಾಜ ಬಾಂಧವರಿಗೆ ಮಾಹಿತಿ

ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು ಎಂದು ಮಾತು ಮುಗಿದು ಸಾಮಾನು ಇಳಿಸಿದ ಮೇಲೆ ನೀರಿಗೆ ಬೇರೆ, ಮೋಟರ್ ಕರೆಂಟಿಗೆ ಬೇರೆ, ಮೆಟ್ಟಿಲ ದೀಪಕ್ಕೆ ಬೇರೆ ಎಂದು ಕೇಳುವುದುಂಟು. ಮನೆ ಬಿಡುವ ದಿನ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಮುರಿದುಕೊಳ್ಳುವುದೂ ಉಂಟು. ಕೊಡುವವರಿಗೆ ಇದು ಅನ್ಯಾಯ ಎನಿಸುತ್ತದೆ, ಪಡೆಯುವವರಿಗೆ ಇದು ವಾಡಿಕೆ ಎನಿಸುತ್ತದೆ. ಇಬ್ಬರ ಕೈಯಲ್ಲೂ ಬರಹದ ಆಧಾರ ಇರುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಜೈನ ಕುಟುಂಬಗಳಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಮನೆ ಬಾಡಿಗೆಗೆ ಕೊಟ್ಟವರೂ ಇದ್ದಾರೆ. ವ್ಯಾಪಾರಕ್ಕೆಂದು ಬಂದು ನೆಲೆಸಿದವರು, ಶಾಲೆ, ಬ್ಯಾಂಕು, ಸರ್ಕಾರಿ ಕಚೇರಿಗಳಿಗೆ ವರ್ಗವಾಗಿ ಬಂದವರು, ಮಕ್ಕಳ ಕಾಲೇಜಿಗಾಗಿ ಹಳ್ಳಿಯಿಂದ ಪೇಟೆಗೆ ಮನೆ ಬದಲಿಸಿದವರು ಮೊದಲ ಗುಂಪಿನವರು. ಹಿರಿಯರು ಕಟ್ಟಿಸಿದ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟು ಆ ಆದಾಯದಲ್ಲೇ ಔಷಧಿ ಖರ್ಚು ತೂಗಿಸುವ ವೃದ್ಧ ದಂಪತಿಗಳು ಎರಡನೆಯವರು. ಆದ್ದರಿಂದ ಮುಂದಿನ ಮಾಹಿತಿ ಇಬ್ಬರಿಗೂ ಸಂಬಂಧಿಸಿದ್ದು.

ನಿಜವಾದ ಬಾಡಿಗೆ ಎಷ್ಟು?

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಬಾಡಿಗೆ ತಿಂಗಳಿಗೆ 7,000 ರೂಪಾಯಿ ಎಂದು ಮಾತಾಗಿದೆ. ಮನೆಗೆ ಬಂದ ಮೇಲೆ ನಿರ್ವಹಣೆ 500, ನೀರು 300, ಮೋಟರ್ 150, ಕಸ 50 ಎಂದು ತಿಂಗಳಿಗೆ ಇನ್ನೂ 1,000 ಸೇರುತ್ತದೆ. 11 ತಿಂಗಳಿಗೆ 88,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 7,000, ಬಿಡುವಾಗ ಬಣ್ಣಕ್ಕೆ 7,000, ಕರಾರು ಪತ್ರದ ಖರ್ಚು 1,000. ಒಟ್ಟು 1,03,000. ಅದನ್ನು 11ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 9,364 ರೂಪಾಯಿ. 7,000 ಎಂದು ಒಪ್ಪಿಕೊಂಡ ಮನೆ ಇದು. ಪಕ್ಕದ ಬೀದಿಯಲ್ಲಿ 8,500 ಎಂದು ಹೇಳಿ ಎಲ್ಲವನ್ನೂ ಸೇರಿಸಿ ಕೊಡುವ ಮನೆ ದುಬಾರಿ ಎಂದು ಬಿಟ್ಟು ಬಂದವರು ಲೆಕ್ಕದಲ್ಲಿ ಸೋತಿರುತ್ತಾರೆ. ಮನೆ ನೋಡುವಾಗ ‘ಬಾಡಿಗೆ ಎಷ್ಟು?’ ಎಂದು ಕೇಳುವ ಬದಲು ‘ತಿಂಗಳಿಗೆ ನಾನು ನಿಮ್ಮ ಕೈಗೆ ಒಟ್ಟು ಎಷ್ಟು ಕೊಡಬೇಕು? ಬಿಡುವಾಗ ಏನೇನು ಮುರಿಯುತ್ತೀರಿ?’ ಎಂದು ಕೇಳಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಮಾಲೀಕರೂ ಇದನ್ನು ಅವಮಾನವೆಂದು ತಿಳಿಯಬೇಕಿಲ್ಲ.

ಅನ್ವಯಿಸುವ ಕಾನೂನು

ಬಾಡಿಗೆ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಬಾಡಿಗೆ ನಿಯಂತ್ರಣ ಕಾಯ್ದೆ. 1961ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ ಇರುವುದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ಅದಕ್ಕೆ ಒಂದು ಮಿತಿ ಇದೆ. ಅನುಸೂಚಿಯ ‘ಎ’ ಭಾಗದಲ್ಲಿ ಹೆಸರಿಸಿದ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದು ಒಂದು ಸಂಸಾರ ನೆಮ್ಮದಿಯಾಗಿ ಇರಬಹುದಾದ ಮನೆ ಈ ನಾಲ್ಕು ಊರುಗಳಲ್ಲಿ 2,000 ರೂಪಾಯಿಗೆ ಸಿಗುವುದು ಅಪರೂಪ. ಹಾಗಾಗಿ ‘ರೆಂಟ್ ಕಂಟ್ರೋಲ್‌ಗೆ ಹೋಗುತ್ತೇನೆ’ ಎಂಬ ಬೆದರಿಕೆ ಹೆಚ್ಚಿನ ಸಂದರ್ಭಗಳಲ್ಲಿ ಬರೀ ಬೆದರಿಕೆಯಾಗಿಯೇ ಉಳಿಯುತ್ತದೆ.

ಉಳಿದ ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಈ ಎರಡರಲ್ಲೂ ಕರಾರಿನ ಮಾತಿಗೇ ಹೆಚ್ಚು ಬೆಲೆ. ಬರೆದುಕೊಂಡದ್ದು ನಡೆಯುತ್ತದೆ, ಬರೆಯದೇ ಬಿಟ್ಟಲ್ಲಿ ಕಾಯ್ದೆಯ ಸಾಮಾನ್ಯ ನಿಯಮ ನಡೆಯುತ್ತದೆ. ಆ ಸಾಮಾನ್ಯ ನಿಯಮಗಳು ಬಾಡಿಗೆದಾರನಿಗೆ ಅಂಥ ಪ್ರತಿಕೂಲವೇನಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣದಲ್ಲಿ ಮೂರು ಮಾತುಗಳಿವೆ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆ ಕೊಟ್ಟ ನಂತರವೂ ಮಾಡದಿದ್ದರೆ ಬಾಡಿಗೆದಾರ ಮಾಡಿಸಿ ಆ ಹಣವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಮಾಲೀಕರು ಕಟ್ಟಬೇಕಾದ, ಕಟ್ಟದಿದ್ದರೆ ಬಾಡಿಗೆದಾರನ ಮೇಲೆಯೋ ಸ್ವತ್ತಿನ ಮೇಲೆಯೋ ವಸೂಲಿಗೆ ಬರುವ ಹಣವನ್ನು ತಾನೇ ಕಟ್ಟಿ ಬಡ್ಡಿಸಹಿತ ಕಳೆದುಕೊಳ್ಳಬಹುದು. ಮನೆ ಬಿಡುವಾಗ ಬಂದಾಗಿನ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಆತ ಹೊಣೆಯಲ್ಲ. ಈ ಮೂರನೆಯ ಮಾತು ಸುಣ್ಣಬಣ್ಣದ ವಿಚಾರದಲ್ಲಿ ಮುಖ್ಯ, ಅದು ಮುಂದೆ ಬರುತ್ತದೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಇದು ‘ಹೊಸ ರೂಲ್ಸ್’ ಎಂದು ಆಗಾಗ ಓಡಾಡುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡ ಹೊರತು ಅದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಕರಾರು ಪತ್ರ ಏಕೆ 11 ತಿಂಗಳಿಗೆ ಎಂಬ ಪ್ರಶ್ನೆ ಹಲವರದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಅವಧಿ ಮುಗಿದಾಗ ‘ನವೀಕರಣ ಶುಲ್ಕ’ ಎಂದು ಕೇಳುವವರಿದ್ದಾರೆ. ಛಾಪಾ ಕಾಗದ, ಟೈಪಿಂಗ್, ನೋಟರಿಯ ನಿಜ ಖರ್ಚನ್ನು ಹಂಚಿಕೊಳ್ಳುವುದು ಸರಿ. ಅದಕ್ಕಿಂತ ಹೆಚ್ಚಿಗೆ ಕೇಳಿದರೆ ಅದು ಬಾಡಿಗೆ ಏರಿಕೆಯ ಇನ್ನೊಂದು ಹೆಸರು, ಹಾಗೆಂದೇ ಚೌಕಾಸಿ ಮಾಡಬೇಕು.

ನೀರು

ಚಿತ್ರದುರ್ಗ ನಗರಕ್ಕೆ ನೀರು ಬರುವುದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ, ಅಂದರೆ ಸೂಳೆಕೆರೆಯಿಂದ, ಮತ್ತು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದಿಂದ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಈ ಅಣೆಕಟ್ಟು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. ಜಲಾಶಯ ತುಂಬಿದ ವರ್ಷವೂ ಎಲ್ಲ ಬಡಾವಣೆಗಳ ನಲ್ಲಿಯಲ್ಲಿ ದಿನವೂ ನೀರು ಬರುತ್ತದೆ ಎಂದೇನಲ್ಲ. ಸಂಪು, ಕೊಳವೆಬಾವಿ, ಬೇಸಿಗೆಯಲ್ಲಿ ಟ್ಯಾಂಕರ್ ಈ ಸೀಮೆಯ ಬಾಡಿಗೆ ಮನೆಯ ಅಂಗಗಳೇ ಆಗಿವೆ. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯುವ ನೀರನ್ನು ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ತರುವ ಮನೆಗಳು ಬಹಳ.

ಹೀಗಾಗಿ ‘ನೀರಿನ ದುಡ್ಡು’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಖರ್ಚುಗಳು ಅಡಗಿರುತ್ತವೆ: ಸ್ಥಳೀಯ ಸಂಸ್ಥೆಯ ನೀರಿನ ಕರ, ಸಂಪಿನಿಂದ ತೊಟ್ಟಿಗೆ ಎತ್ತುವ ಮೋಟರಿನ ವಿದ್ಯುತ್, ಟ್ಯಾಂಕರ್ ಖರೀದಿ. ಮೊದಲ ಎರಡು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತವೆ, ಮೂರನೆಯದು ಮಾರ್ಚ್‌ನಿಂದ ಮೇವರೆಗೆ ಏರುತ್ತದೆ. ಮಳೆಗಾಲದಲ್ಲಿ ಮನೆ ಹಿಡಿದವರಿಗೆ ಏಪ್ರಿಲ್‌ನ ಟ್ಯಾಂಕರ್ ಪಾಲು ಸಿಡಿಲಿನಂತೆ ಎರಗುತ್ತದೆ. ಕಳೆದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬಂದವು, ಯಾರು ಎಷ್ಟು ಕೊಟ್ಟರು ಎಂಬುದನ್ನು ಮನೆ ಹಿಡಿಯುವ ಮುನ್ನ ಪಕ್ಕದ ಮನೆಯವರನ್ನು ಕೇಳಬೇಕು. ಮಾಲೀಕರಿಗಿಂತ ಅವರು ಸರಿಯಾಗಿ ಹೇಳುತ್ತಾರೆ.

ಕೆಲವರು ತಲೆಗೆ ಇಷ್ಟು ಎಂದು ನೀರಿನ ಹಣ ನಿಗದಿ ಮಾಡುತ್ತಾರೆ. ಆಗ ನೆಂಟರು ಬಂದು ಹದಿನೈದು ದಿನ ಉಳಿದರೆ ಏನು ಎಂಬ ಪ್ರಶ್ನೆ ಏಳುತ್ತದೆ. ಚಾತುರ್ಮಾಸದ ಕಾಲದಲ್ಲಿ ಹತ್ತಿರದ ಬಸದಿಗೆ ಮುನಿಸಂಘ ಬಂದರೆ ಬಂಧುಗಳು ಬಂದು ಉಳಿಯುವುದು ನಮ್ಮ ಮನೆಗಳಲ್ಲಿ ಸಹಜ. ಆಹಾರದಾನದ ದಿನ ಮನೆ ತುಂಬ ಜನ ಸೇರುವುದೂ, ಬಾವಿ ನೀರಿಗಾಗಿ ಓಡಾಡುವುದೂ, ಬೆಳಗಿನಿಂದ ಮನೆ ತೊಳೆಯುವುದೂ ಸಹಜ. ಬೇರೆ ಸಮಾಜದ ಮಾಲೀಕರಿಗೆ ಇದು ತಿಳಿದಿರಬೇಕಿಲ್ಲ. ‘ವರ್ಷದಲ್ಲಿ ಕೆಲವು ದಿನ ಹೀಗೆ ಆಗುತ್ತದೆ’ ಎಂದು ಮೊದಲೇ ಹೇಳಿದ ಕುಟುಂಬಗಳಿಗೆ ಆಮೇಲೆ ‘ಅತಿಥಿ ಶುಲ್ಕ’ದ ತಕರಾರು ಕಡಿಮೆ. ಸಸ್ಯಾಹಾರಿಗಳಿಗೇ ಕೊಡುತ್ತೇವೆ ಎಂದು ಒಂದಿಷ್ಟು ಹೆಚ್ಚು ಬಾಡಿಗೆ ಕೇಳುವ ಮನೆಗಳೂ ಉಂಟು. ಅದು ಆಯ್ಕೆಯ ಮಾತು, ಒಪ್ಪಿದರೆ ಅದು ಬಾಡಿಗೆಯೇ.

ವಿದ್ಯುತ್: ಹೆಚ್ಚು ಗೊಂದಲ ಇರುವುದು ಇಲ್ಲಿ

ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಸೇರಿದೆ. ಪ್ರತಿ ಮೀಟರಿಗೂ ಆರ್‌ಆರ್ ಸಂಖ್ಯೆ ಎಂಬ ಗುರುತು ಇರುತ್ತದೆ. ಮನೆ ಹಿಡಿಯುವ ಮುನ್ನ ಕೇಳಬೇಕಾದ ಮೊದಲ ಕಾಗದ ಆ ಸಂಖ್ಯೆಯ ಇತ್ತೀಚಿನ ಬಿಲ್ಲು. ಹಿಂದಿನ ಬಾಡಿಗೆದಾರ ಬಾಕಿ ಉಳಿಸಿ ಹೋಗಿದ್ದರೆ ಅದು ಬಿಲ್ಲಿನಲ್ಲಿ ಕಾಣುತ್ತದೆ. ಬಾಕಿ ವ್ಯಕ್ತಿಯ ಹಿಂದೆ ಹೋಗದೆ ಮೀಟರಿಗೇ ಅಂಟಿಕೊಂಡಿರುತ್ತದೆ, ಕಟ್ಟದಿದ್ದರೆ ಸಂಪರ್ಕ ಕಡಿತಗೊಳ್ಳುವುದು ಈಗ ಆ ಮನೆಯಲ್ಲಿ ಇರುವವರಿಗೆ. ಅಂಥ ಸಂದರ್ಭದಲ್ಲಿ ಕಟ್ಟಿ, ರಸೀದಿಯ ಚಿತ್ರವನ್ನು ಮಾಲೀಕರಿಗೆ ಕಳಿಸಿ, ಮುಂದಿನ ಬಾಡಿಗೆಯಲ್ಲಿ ಕಳೆದುಕೊಳ್ಳುವುದಾಗಿ ತಿಳಿಸುವುದು ಮೇಲೆ ಹೇಳಿದ 108ನೇ ಪ್ರಕರಣಕ್ಕೆ ಹೊಂದುವ ದಾರಿ. ಸುಮ್ಮನೆ ಬಾಡಿಗೆ ಕಡಿಮೆ ಹಾಕಿದರೆ ಅದೇ ಬಾಕಿಯಾಗಿ ತಿರುಗುತ್ತದೆ.

ಗೃಹಜ್ಯೋತಿ ಬಂದ ಮೇಲೆ ಹೊಸ ತಕರಾರುಗಳು ಹುಟ್ಟಿವೆ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಯಾದ ಈ ಯೋಜನೆಯಲ್ಲಿ ತಿಂಗಳಿಗೆ 200 ಯುನಿಟ್ ಒಳಗಿನ ಗೃಹಬಳಕೆಗೆ, ಆ ಮನೆಯ 2022-23ರ ಸರಾಸರಿಗೆ ಶೇ 10 ಸೇರಿಸಿದಷ್ಟು ವಿದ್ಯುತ್ ಉಚಿತ. ಅದಕ್ಕಿಂತ ಹೆಚ್ಚಾಗಿ 200ರೊಳಗೆ ಇದ್ದರೆ ಹೆಚ್ಚುವರಿಗೆ ಮಾತ್ರ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ಬಾಡಿಗೆದಾರರೂ ಅರ್ಹರು. ಸೇವಾಸಿಂಧು ಮೂಲಕ ತಮ್ಮ ಆಧಾರ್ ಸಂಖ್ಯೆಯನ್ನು ಮನೆಯ ಆರ್‌ಆರ್ ಸಂಖ್ಯೆಗೆ ಜೋಡಿಸಬೇಕು. ಮನೆ ಬದಲಿಸುವಾಗ ಹಳೆಯ ಜೋಡಣೆಯನ್ನು ಬಿಡಿಸಿ ಹೊಸ ಮನೆಗೆ ನೋಂದಾಯಿಸಬೇಕು. ಬಿಡಿಸುವ ಸೌಲಭ್ಯವನ್ನು 2024ರಲ್ಲಿ ಕೊಡಲಾಯಿತು. ಹಿಂದಿನವರು ಬಿಡಿಸದೇ ಹೋಗಿದ್ದರೆ ಹೊಸಬರ ಅರ್ಜಿ ನಿಲ್ಲುತ್ತದೆ, ಆ ತಿಂಗಳುಗಳ ಬಿಲ್ಲು ಅನಿರೀಕ್ಷಿತ ಖರ್ಚಾಗುತ್ತದೆ. ಬಾಡಿಗೆದಾರ ಹೊರಡುವಾಗ ಕೀಲಿ ಕೊಡುವ ಜತೆಗೇ ಜೋಡಣೆಯನ್ನೂ ಬಿಡಿಸಿದ್ದಾನೆಯೇ ಎಂದು ನೋಡುವುದು ಮಾಲೀಕರ ಹಿತಕ್ಕೂ ಒಳ್ಳೆಯದು.

ಶೂನ್ಯ ಬಿಲ್ಲು ಬಂದ ತಿಂಗಳೂ ‘ಕರೆಂಟ್ ಚಾರ್ಜ್’ ಎಂದು ನಿಗದಿತ ಮೊತ್ತ ಪಡೆಯುವುದಕ್ಕೆ ಯಾವ ಆಧಾರವೂ ಇಲ್ಲ. ಸರ್ಕಾರ ಕಟ್ಟಿದ ಹಣವನ್ನು ಮತ್ತೊಮ್ಮೆ ಬಾಡಿಗೆದಾರನಿಂದ ಪಡೆದಂತೆ ಅದು. ಬಿಲ್ಲು ತೋರಿಸಿ ಎಂದು ಕೇಳಿದರೆ ಸಾಕು, ಹೆಚ್ಚಿನ ಕಡೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಒಂದೇ ಮೀಟರಿನಲ್ಲಿ ಎರಡು ಮೂರು ಸಂಸಾರಗಳಿದ್ದು ಸಬ್‌ಮೀಟರ್ ಹಾಕಿರುವ ಹಳೆಯ ಮನೆಗಳಲ್ಲಿ ತೊಂದರೆ ಬೇರೆ. ಅಲ್ಲಿ 200 ಯುನಿಟ್ ಮಿತಿ ಇಡೀ ಮೀಟರಿಗೆ. ಒಬ್ಬರ ಮನೆಯ ಗೀಸರ್ ಎಲ್ಲರ ಸೌಲಭ್ಯವನ್ನೂ ಕಳೆಯಬಹುದು. ಬೇರೆ ಮೀಟರ್ ಹಾಕಿಸುವುದೇ ಸರಿಯಾದ ದಾರಿ. ಅದು ಆಗುವವರೆಗೆ ಲೆಕ್ಕ ಹೀಗಿರಬೇಕು: ಒಟ್ಟು ಬಿಲ್ಲು 300 ಯುನಿಟ್‌ಗೆ 2,400 ರೂಪಾಯಿ ಎಂದಿಟ್ಟುಕೊಂಡರೆ ಯುನಿಟ್‌ಗೆ 8 ರೂಪಾಯಿ, ಸಬ್‌ಮೀಟರಿನಲ್ಲಿ 60 ಯುನಿಟ್ ಓಡಿದ್ದರೆ 480. ‘ನಮ್ಮಲ್ಲಿ ಯುನಿಟ್‌ಗೆ 10’ ಎಂದು 600 ಪಡೆದರೆ ಉಳಿದ 120 ವಿದ್ಯುತ್ ದರವಲ್ಲ, ಲಾಭ. ಹಿಂದೆ ಹೆಚ್ಚು ಬಳಸಿದಷ್ಟೂ ಮೇಲಿನ ದರದ ಹಂತಕ್ಕೆ ಹೋಗುತ್ತದೆ ಎಂಬ ಸಮರ್ಥನೆ ಇತ್ತು. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಆ ಹಂತಗಳನ್ನು ತೆಗೆದು ಒಂದೇ ದರ ಮಾಡಲಾಯಿತು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕರ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಹೀನಾಧಿಕಮಾನೋನ್ಮಾನ, ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು. ತಕ್ಕಡಿ ಬಟ್ಟಿನ ಕಾಲದ ಮಾತು ಎಂದು ಪಾಠಶಾಲೆಯಲ್ಲಿ ಕಲಿತದ್ದು ಸಬ್‌ಮೀಟರಿಗೂ ನೇರವಾಗಿ ಹೊಂದುತ್ತದೆ.

ತೆರಿಗೆ, ಕಸ, ಪಿಟ್

ಆಸ್ತಿ ತೆರಿಗೆ ಮಾಲೀಕರ ಹೊಣೆ. ಏಪ್ರಿಲ್ ತಿಂಗಳಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿಯೂ ಸಿಗುತ್ತದೆ. ಬಾಡಿಗೆದಾರರಿಂದ ಒಂದು ಪಾಲು ಬೇಕಿದ್ದರೆ ಕರಾರಿನಲ್ಲಿ ಬರೆದಿರಬೇಕು. ಘನತ್ಯಾಜ್ಯದ ಶುಲ್ಕವನ್ನು ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜತೆಗೇ ಪಡೆಯುವುದರಿಂದ ಪ್ರತ್ಯೇಕ ‘ಕಸದ ದುಡ್ಡು’ ಕೇಳಿದಾಗ ಅದು ಯಾರಿಗೆ ಸಲ್ಲುತ್ತದೆ ಎಂದು ವಿಚಾರಿಸಬಹುದು. ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಪಿಟ್ ತುಂಬಿದರೆ ಯಂತ್ರ ತರಿಸುವ ಖರ್ಚು ದೊಡ್ಡದು. ಅದು ಕಟ್ಟಡದ ಭಾಗ, ವರ್ಷಗಳ ಬಳಕೆಯಿಂದ ತುಂಬಿದ್ದು. ಮೂರು ತಿಂಗಳ ಹಿಂದೆ ಬಂದವರ ಮೇಲೆ ಪೂರ್ತಿ ಹೊರಿಸುವುದು ನ್ಯಾಯವಾಗಲಾರದು.

ದಲ್ಲಾಳಿ, ಜಿಎಸ್‌ಟಿ, ಮೊಬೈಲ್ ಮೋಸ

ದಲ್ಲಾಳಿಯ ಶುಲ್ಕವನ್ನು ಮನೆ ನೋಡುವ ಮುನ್ನವೇ ಕೇಳಿ, ಸಂದೇಶದಲ್ಲಿ ಬರೆಸಿಕೊಳ್ಳಬೇಕು. ನವೀಕರಣದ ವರ್ಷ ಮತ್ತೆ ದಲ್ಲಾಳಿ ಹಣ ಕೊಡಬೇಕಾಗಿಲ್ಲ, ಹಾಗೆ ಒಪ್ಪಿಕೊಂಡಿದ್ದರೆ ಮಾತು ಬೇರೆ.

ವ್ಯಾಪಾರಿ ಕುಟುಂಬಗಳಿಗೆ ಒಂದು ವಿಶೇಷ ಸೂಚನೆ. ಜಿಎಸ್‌ಟಿ ನೋಂದಣಿ ಇದ್ದವರು ವಾಸದ ಮನೆ ಬಾಡಿಗೆಗೆ ಪಡೆದರೆ ಶೇ 18 ತೆರಿಗೆ ಎಂಬ ನಿಯಮ 2022ರ ಜುಲೈ 18ರಿಂದ ಬಂತು. ಆದರೆ ಏಕವ್ಯಕ್ತಿ ವ್ಯಾಪಾರಿ ತನ್ನ ಸ್ವಂತ ವಾಸಕ್ಕೆ, ವ್ಯಾಪಾರದ ಲೆಕ್ಕಕ್ಕೆ ಸೇರಿಸದೆ ಪಡೆದ ಮನೆಗೆ 2023ರ ಜನವರಿ 1ರಿಂದ ವಿನಾಯಿತಿ ಇದೆ. ತೆರಿಗೆ ಅನ್ವಯಿಸುವ ಸಂದರ್ಭದಲ್ಲೂ ಅದನ್ನು ಬಾಡಿಗೆದಾರನೇ ಸರ್ಕಾರಕ್ಕೆ ಕಟ್ಟಬೇಕು, ಮಾಲೀಕರ ಕೈಗಲ್ಲ. ‘ನಿಮಗೆ ಜಿಎಸ್‌ಟಿ ನಂಬರ್ ಇದೆಯಲ್ಲ, 18 ಸೇರಿಸಿ ಕೊಡಿ’ ಎಂದರೆ ಲೆಕ್ಕಪರಿಶೋಧಕರನ್ನು ಕೇಳದೆ ಕೊಡಬಾರದು.

ಮನೆ ತೋರಿಸುವ ಮುನ್ನವೇ ‘ಗೇಟ್ ಪಾಸ್’, ‘ವಿಸಿಟಿಂಗ್ ಕಾರ್ಡ್’, ‘ಟೋಕನ್’ ಎಂದು ಹಣ ಹಾಕಿಸಿಕೊಳ್ಳುವವರು, ‘ನಿಮಗೆ ಹಣ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರು ಮೋಸಗಾರರು. ಹಣ ಪಡೆಯಲು ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ, ಪಿನ್ ಒತ್ತುವ ಅಗತ್ಯವೂ ಇಲ್ಲ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಅಡ್ವಾನ್ಸ್ ಎಂಬ ನ್ಯಾಸ

ಕುಟುಂಬವೊಂದಕ್ಕೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲಿ. ತಿಂಗಳ 200 ರೂಪಾಯಿಯ ನೀರಿನ ತಕರಾರು ಹೇಗೋ ಮುಗಿಯುತ್ತದೆ. ಮುಂದಿನ ಮನೆಯ ಅಡ್ವಾನ್ಸ್ ಕೊಡಲು ಹಳೆಯ ಮನೆಯ ಅಡ್ವಾನ್ಸನ್ನೇ ನಂಬಿದವರಿಗೆ ಅದು ಕೈಗೆ ಬಾರದಿದ್ದರೆ ಕೈಸಾಲವೇ ಗತಿ.

ಅಡ್ವಾನ್ಸ್ ಮಾಲೀಕರ ಆದಾಯವಲ್ಲ, ಮರಳಿ ಕೊಡಲೆಂದು ಇಟ್ಟುಕೊಂಡ ಹಣ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಇನ್ನೊಂದು. ಕೂಟಲೇಖ ಎಂದರೆ ಸುಳ್ಳು ಬರಹ, ಬಾಡಿಗೆಯನ್ನು ಕರಾರಿನಲ್ಲಿ ಒಂದು ಬರೆದು ಕೈಯಲ್ಲಿ ಇನ್ನೊಂದು ಪಡೆಯುವುದು ಅದಕ್ಕೆ ಸೇರುತ್ತದೆ. ನ್ಯಾಸವೆಂದರೆ ನಂಬಿ ಇಟ್ಟ ವಸ್ತು. ಪೂಜ್ಯಪಾದ ಆಚಾರ್ಯರ ಸರ್ವಾರ್ಥಸಿದ್ಧಿ ಇದನ್ನು ವಿವರಿಸುವ ರೀತಿ ಗಮನಾರ್ಹ. ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಕೊಡುವುದೂ ನ್ಯಾಸಾಪಹಾರವೇ. ಕಸಿದುಕೊಳ್ಳಬೇಕಾಗಿಲ್ಲ, ತಿಳಿದೂ ತಿದ್ದದಿದ್ದರೆ ಸಾಕು. ಇದನ್ನು ಕದಿಯುವುದರ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟಿರುವುದು ಯೋಚಿಸತಕ್ಕದ್ದು. ಹತ್ತು ವರ್ಷದ ಹಿಂದೆ ಕೊಟ್ಟ ಅಡ್ವಾನ್ಸಿಗೆ ರಸೀದಿ ಕಳೆದುಕೊಂಡ ಬಾಡಿಗೆದಾರನ ಎದುರು ನಿಂತ ಮಾಲೀಕರಿಗೆ ಇದಕ್ಕಿಂತ ಹತ್ತಿರದ ಮಾತು ಇನ್ನೊಂದಿಲ್ಲ.

ಮುರಿತ ಸರಿಯೋ ತಪ್ಪೋ ಎಂಬುದಕ್ಕೆ ಕಾನೂನಿನ ಅಳತೆಯೂ ಸ್ಪಷ್ಟವಾಗಿದೆ. ಮೂರು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು ಸಹಜ ಸವೆತ. ಒಡೆದ ವಾಷ್‌ಬೇಸಿನ್, ಮುರಿದ ಬಾಗಿಲು, ಗೋಡೆಗೆ ಕೊರೆದ ತೂತುಗಳು ಹಾನಿ, ಅದರ ದುರಸ್ತಿಯನ್ನು ಬಾಡಿಗೆದಾರ ಕೊಡಬೇಕು. ‘ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ’ ಎಂದು ಕರಾರಿನಲ್ಲಿ ಬರೆದು ಸಹಿ ಹಾಕಿದ್ದರೆ ಅದನ್ನು ತಳ್ಳಿಹಾಕುವುದು ಕಷ್ಟ. ಬರೆಯದಿದ್ದರೆ ಮಾಲೀಕರು ಖರ್ಚು ತೋರಿಸಬೇಕು. ‘ಅವಧಿಗೆ ಮುನ್ನ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು’ ಎಂಬಂಥ ಷರತ್ತು ಬರೆದಿದ್ದರೂ, ಕರಾರು ಕಾಯ್ದೆಯ 74ನೇ ಪ್ರಕರಣದಂತೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ಸೂಚನೆಯ ಬಗ್ಗೆ ಕರಾರು ಏನೂ ಹೇಳದ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಎರಡು ತಿಂಗಳ ನೋಟಿಸ್ ಕೊಟ್ಟಿಲ್ಲವೆಂದು ಎರಡು ತಿಂಗಳ ಬಾಡಿಗೆ ಮುರಿಯಲು ಹಾಗೆ ಬರೆದಿರಬೇಕು. ತಾನೇ ಹಾಕಿಸಿದ ಗೀಸರ್, ನೀರಿನ ಫಿಲ್ಟರ್ ಮುಂತಾದವನ್ನು ಮನೆಗೆ ಹಾನಿಯಾಗದಂತೆ ಬಾಡಿಗೆದಾರ ಬಿಚ್ಚಿಕೊಂಡು ಹೋಗಬಹುದು.

ಇದಕ್ಕೆಲ್ಲ ಬೇಕಾದ ಸಾಕ್ಷಿ ದುಬಾರಿಯೇನಲ್ಲ. ಬಂದ ದಿನ ಖಾಲಿ ಮನೆಯ ಪ್ರತಿ ಕೋಣೆಯ ವಿಡಿಯೊ ಮಾಡಿ, ಮೀಟರಿನ ಅಂಕಿಯ ಚಿತ್ರ ತೆಗೆದು ಮಾಲೀಕರಿಗೇ ಕಳಿಸಿದರೆ ದಿನಾಂಕ ತಾನಾಗಿಯೇ ದಾಖಲಾಗುತ್ತದೆ. ಬಿಡುವ ದಿನವೂ ಹಾಗೆಯೇ. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕ ಕೊಡಬೇಕು. ನಗದೇ ಬೇಕೆಂದರೆ ಕರಾರಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಸಬೇಕು. ಕರಾರು ಬರೆಸುವಾಗ ಹೀಗೊಂದು ವಾಕ್ಯ ಸೇರಿಸಿಕೊಳ್ಳಬಹುದು: ‘ಮೇಲೆ ನಮೂದಿಸಿದ ಬಾಡಿಗೆ, ನೀರಿನ ಶುಲ್ಕ ಮತ್ತು ಮೀಟರಿನಂತೆ ವಿದ್ಯುತ್ ಬಿಲ್ಲಿನ ಹೊರತು ಬೇರಾವ ಹಣವನ್ನೂ ಉಭಯತರ ಲಿಖಿತ ಒಪ್ಪಿಗೆಯಿಲ್ಲದೆ ಕೇಳತಕ್ಕದ್ದಲ್ಲ. ಮನೆ ಒಪ್ಪಿಸಿದ 15 ದಿನಗಳೊಳಗೆ, ಸಹಜ ಸವೆತವಲ್ಲದ ಹಾನಿಯ ಖರ್ಚನ್ನು ಮಾತ್ರ ರಸೀದಿ ಸಹಿತ ಕಳೆದು, ಉಳಿದ ಮುಂಗಡವನ್ನು ಹಿಂದಿರುಗಿಸತಕ್ಕದ್ದು.’

ಭೋಗ್ಯದ ಮನೆಗಳಲ್ಲಿ ಅಪಾಯ ಇನ್ನೂ ದೊಡ್ಡದು. ಲೀಸ್ ಎಂದು ಲಕ್ಷಗಟ್ಟಲೆ ಕೊಟ್ಟು ಎರಡು ಮೂರು ವರ್ಷಕ್ಕೆ ಬರೀ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವವರು ಆ ಪತ್ರಕ್ಕೆ ನೋಂದಣಿ ಕಡ್ಡಾಯವೆಂಬುದನ್ನು ಮರೆಯುತ್ತಾರೆ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಟ್ಟದಿದ್ದರೆ ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆಯಬಹುದು, ಭೋಗ್ಯದವರ ಹಣ ಆಗ ಗಾಳಿಯಲ್ಲಿ. ಹಣ ಕೊಡುವ ಮುನ್ನ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಬೇಕು.

ತಕರಾರು ಎದ್ದ ಮೇಲೆ

ಒಪ್ಪಿಕೊಂಡ ಬಾಡಿಗೆಯನ್ನು ನಿಲ್ಲಿಸಬಾರದು. ತಕರಾರಿನ ಶುಲ್ಕವನ್ನು ಮಾತ್ರ ತಡೆಹಿಡಿದು, ಯಾವ ಬಿಲ್ಲಿನ ಆಧಾರದಲ್ಲಿ ಎಂದು ಬರಹದಲ್ಲಿ ಕೇಳಬೇಕು. ಬಾಡಿಗೆ ತೆಗೆದುಕೊಳ್ಳಲು ಮಾಲೀಕರು ಒಪ್ಪದಿದ್ದರೆ ಬ್ಯಾಂಕ್ ಖಾತೆಗೆ ಹಾಕಿ ತಿಳಿಸಬೇಕು. ಕೊನೆಯ ತಿಂಗಳುಗಳ ಬಾಡಿಗೆಯನ್ನು ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎಂದು ಏಕಪಕ್ಷೀಯವಾಗಿ ನಿಲ್ಲಿಸುವುದು ಅನೇಕರು ಮಾಡುವ ಕೆಲಸ. ಅದು ಬಾಡಿಗೆದಾರನನ್ನೇ ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸುತ್ತದೆ.

ಮಾಲೀಕರೂ ನೀರು, ವಿದ್ಯುತ್ ಕಡಿದು, ಬಾಗಿಲಿಗೆ ಬೀಗ ಹಾಕಿ ಹಣ ವಸೂಲಿ ಮಾಡುವಂತಿಲ್ಲ. ಖಾಲಿ ಮಾಡಿಸುವುದು ನ್ಯಾಯಾಲಯದ ಮೂಲಕವೇ. ಹಾಗೆ ಕಡಿದರೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಕೇಳಬಹುದು, ಬೆದರಿಕೆ ಇದ್ದರೆ 112ಕ್ಕೆ ಕರೆ ಮಾಡಬಹುದು. ಮೀಟರ್, ಬಿಲ್ಲು, ಸಂಪರ್ಕದ ದೂರಿಗೆ ಬೆಸ್ಕಾಂನ 1912.

ಸಮಾಜದ ಹಿರಿಯರ ಮುಂದೆ ಕೂತು ಬಗೆಹರಿಸಿಕೊಳ್ಳುವುದಾದರೆ ಒಪ್ಪಂದವನ್ನು ಅಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಬಾಯಿಮಾತಿನ ರಾಜಿ ಆರು ತಿಂಗಳಿಗೆ ಮತ್ತೊಂದು ಜಗಳವಾಗುತ್ತದೆ. ರಾಜಿ ಆಗದಿದ್ದರೆ ವಕೀಲರ ನೋಟಿಸ್, ಆಮೇಲೆ ಸಿವಿಲ್ ದಾವೆ. ಹಣ ವಸೂಲಿ ದಾವೆಗೆ ಸಾಮಾನ್ಯ ಕಾಲಮಿತಿ ಮೂರು ವರ್ಷ, ‘ನೋಡೋಣ, ಕೊಡ್ತಾರೆ’ ಎಂದು ಕಾಯುತ್ತಾ ಅದನ್ನು ಕಳೆಯಬಾರದು.

ದಾವೆಗೆ ಮುನ್ನ ಕಾನೂನು ಸೇವಾ ಪ್ರಾಧಿಕಾರದ ದಾರಿ ಇದೆ. ಚಿತ್ರದುರ್ಗದಲ್ಲಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಅಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಟ್ಟರೆ ಎದುರು ಪಕ್ಷವನ್ನು ಕರೆಸಿ ರಾಜಿಗೆ ಯತ್ನಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಮುಗಿದರೆ ನ್ಯಾಯಾಲಯ ಶುಲ್ಕವಿಲ್ಲ, ಆ ಆದೇಶಕ್ಕೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ, ಆದ್ದರಿಂದ ಕರಾರು ಪತ್ನಿಯ ಅಥವಾ ತಾಯಿಯ ಹೆಸರಿನಲ್ಲಿದ್ದರೆ ಅವರೇ ಅರ್ಜಿ ಕೊಡಬಹುದು. ಸಹಾಯವಾಣಿ 15100. ಹೋಗುವಾಗ ಕರಾರಿನ ಪ್ರತಿ, ಹಣ ಕೊಟ್ಟ ದಾಖಲೆ, ಕೊನೆಯ ಮೂರು ವಿದ್ಯುತ್ ಬಿಲ್ಲು, ಮೊಬೈಲ್ ಸಂದೇಶಗಳ ಮುದ್ರಿತ ಪ್ರತಿ ಜತೆಗಿರಲಿ.